ಪೀಚ್ ಮರದ ತಿರುವಿನಲ್ಲಿ ಹತ್ತುವವಳು

ಫಿಡ್ಲರ್ಸ್ ಫ್ಲ್ಯಾಟ್, ಕೂಮಾ ರಸ್ತೆ
11 ಫೆಬ್ರವರಿ 1884

ಪ್ರೀತಿಯ ಅಮ್ಮ,

ನನಗೆ ಮದುವೆಯಾಯಿತು, ಹೋದ ಶನಿವಾರ, ಕೂಮಾದ ಕಲ್ಲಿನ ಚರ್ಚಿನಲ್ಲಿ, ಈಗ ನಿನ್ನ ಮಗಳು ಮಿಸೆಸ್ ಆಂಬ್ರೋಸ್ ನ್ಯಾಂಕಿವೆಲ್. ಈ ಮಾತನ್ನು ಮೂರನೆಯ ಪುಟದಲ್ಲಿ, ಬಿಸಿಲು, ಆರೋಗ್ಯ, ಕುರಿಗಳ ಸಮಾಚಾರವೆಲ್ಲ ಮುಗಿದ ಮೇಲೆ, ನಿನಗೆ ಗಾಬರಿಯಾಗದಂತೆ ಮೆಲ್ಲಗೆ ಹೇಳಬೇಕೆಂದು ನಿಶ್ಚಯಿಸಿಕೊಂಡೇ ಕುಳಿತಿದ್ದೆ. ಲೇಖನಿ ನನ್ನ ಮಾತು ಕೇಳಲಿಲ್ಲ.

ನಿನಗೆ ಇನ್ನೂ ಕೋಪವಿದೆ ಎಂದು ಗೊತ್ತು. ನಾನು ಗವರ್ನೆಸ್ ಕೆಲಸ ಹಿಡಿದು ಕೂಮಾಕ್ಕೆ ಹೊರಟ ದಿನ ನೀನು ಬಾಗಿಲಿಗೂ ಬರಲಿಲ್ಲ. "ಬಾಥರ್ಸ್ಟ್‌ಗೆ ಹೋಗು, ಕ್ವೀನ್ಸ್‌ಲ್ಯಾಂಡ್‌ಗೆ ಬೇಕಾದ್ರೂ ಹೋಗು, ಆ ರಸ್ತೆ ಮಾತ್ರ ಬೇಡ" ಎಂದೆ. ಏಕೆ ಎಂದು ಕೇಳಿದರೆ ಹೊಲಿಗೆ ಎತ್ತಿಕೊಂಡು ಒಳಗೆ ಹೋದೆ. ಅಮ್ಮ, ಆ ರಸ್ತೆಯೇ ನನಗೆ ಗಂಡನನ್ನು ಕೊಟ್ಟಿತು. ಗೌಲ್ಬರ್ನ್‌ನಲ್ಲಿ ರೈಲು ಮುಗಿಯುತ್ತದಲ್ಲ, ಅಲ್ಲಿಂದ ಇಲ್ಲಿಯವರೆಗೆ ಟಪಾಲು ಗಾಡಿ ಓಡಿಸುವವರು ಇವರೇ. ಮೊದಲ ಸಲ ಬಂದಾಗ ನಾನು ಗಾಡಿಯ ಒಳಗೆ ಕಿಟಕಿಗೆ ತಲೆಯಿಟ್ಟು ದಾರಿಯುದ್ದಕ್ಕೂ ವಾಂತಿ ಮಾಡುತ್ತಿದ್ದೆ. ಪ್ರೇಮ ಹುಟ್ಟುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಸಿಗಲಾರದು. ಅವರು ಮೇಲಿನಿಂದ ಇಳಿದು ಬಂದು ಒಂದು ಪೆಪ್ಪರ್‌ಮಿಂಟ್ ಕೊಟ್ಟು ಮತ್ತೆ ಹತ್ತಿ ಹೋದರು.

ಆಮೇಲೆ ವಾರವಾರವೂ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಬಂಗಲೆಗೆ ತಾವೇ ಟಪಾಲು ತಂದರು. ಟಪಾಲು ಇಲ್ಲದ ದಿನವೂ ಬಂದರು. ಕೊನೆಗೊಂದು ದಿನ ಟೋಪಿ ಕೈಯಲ್ಲಿ ಹಿಡಿದು ಹೇಳಿದರು: "ನಂಗೆ ಮಾತು ಬರಲ್ಲ ಮಿಸ್. ಕುದುರೆಗಳ ಹತ್ರ ಆಡೋ ನಾಲ್ಕು ಮಾತು ಬರುತ್ತೆ, ಅಷ್ಟೇ. ಅದು ಸಾಕು ಅಂದ್ರೆ ಹೇಳಿ." ಇಷ್ಟು ವರ್ಷ ನೀನು ಬಟ್ಟೆ ಹೊಲಿಯುವ ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್, ಪಿಯಾನೋ, ಭೂಗೋಳ ಎಲ್ಲ ಕಲಿತವಳಿಗೆ "ಸಾಕು" ಎಂಬ ಒಂದೇ ಪದ ಬಾಯಿಗೆ ಬಂತು.

ಇದು ಕುದುರೆ ಬದಲಿಸುವ ಠಾಣೆ. ಒಂದು ಉದ್ದನೆಯ ಲಾಯ, ಒಂದು ಅಡುಗೆಮನೆ, ಲಾಯದ ಬೆನ್ನಿಗೆ ನಮ್ಮ ಎರಡು ಕೋಣೆ. ರಾತ್ರಿಯೆಲ್ಲ ಗೋಡೆಯಾಚೆ ಕುದುರೆಗಳು ಮೈ ತಿಕ್ಕುವ ಸದ್ದು. ನನಗೆ ಇದು ಅರಮನೆ. ಅಡುಗೆಮನೆ ಮಿಸೆಸ್ ಕ್ವಿಲ್ಟಿಯದು, ಲಾಯ ಅವಳ ಗಂಡ ಡೆನ್ನಿಯದು. ಇಬ್ಬರೂ ಐರ್ಲೆಂಡ್ ಬಿಟ್ಟು ಬಂದಾಗಿನಿಂದ ಇಲ್ಲೇ ಇದ್ದಾರೆ.

ಬಂದು ನೋಡುತ್ತೀಯಾ ಅಮ್ಮ? ನನಗೆ ಬೇಕಾದದ್ದೆಲ್ಲ ಸಿಕ್ಕಿದೆ. ನೀನೊಬ್ಬಳು ಈ ಬಾಗಿಲಲ್ಲಿ ಬಂದು ನಿಲ್ಲುವುದು ಉಳಿದಿದೆ.

ಹೊಸ ಹೆಸರನ್ನು ಹಾಳೆಯಂಚಿನಲ್ಲಿ ಬರೆದು ಬರೆದು ಅಭ್ಯಾಸ ಮಾಡುತ್ತಿರುವ,
ನಿನ್ನ ಲೆಟಿ


ಫಿಡ್ಲರ್ಸ್ ಫ್ಲ್ಯಾಟ್
16 ಮಾರ್ಚ್ 1884

ಪ್ರೀತಿಯ ಅಮ್ಮ,

ಮೇಜುವಸ್ತ್ರ ಬಂತು. ಅಂಚಿನ ಹೊಲಿಗೆ ನೋಡಿ ಮಿಸೆಸ್ ಕ್ವಿಲ್ಟಿ ಕೈ ಒರೆಸಿಕೊಂಡು ಮುಟ್ಟಿದಳು. ಅದರ ಜೊತೆ ನೀನು ಬರೆದದ್ದು ಎರಡೇ ಸಾಲು. "ಸುಖವಾಗಿರು. ಗಾಡಿಯಲ್ಲಿ ಓಡಾಡಬೇಡ." ಆ ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ? ನನ್ನ ಸುಖವೆಲ್ಲ ಗಾಡಿಯ ಮೇಲೆ ಕೂತಿರುತ್ತದೆ.

ನಿನಗೆ ಒಂದು ತಮಾಷೆ ಹೇಳಬೇಕು. ಹೋದ ವಾರ ಗೌಲ್ಬರ್ನ್‌ಗೆ ಹೋಗಿ ಪರದೆಯ ಬಟ್ಟೆ ತಂದೆ. ವಾಪಸು ಬರುವಾಗ ಇವರ ಪಕ್ಕದಲ್ಲೇ, ಗಾಡಿಯ ಮುಂದೆ ಎತ್ತರದಲ್ಲಿ ಕೂತೆ. ಅಲ್ಲಿ ಮೂವರು ಕೂರಬಹುದು. ಬಲತುದಿಯಲ್ಲಿ ಇವರು, ಎಡತುದಿಯಲ್ಲಿ ನಾನು. ಎಲ್ಲರೂ ಆಸೆಪಡುವ ಸೀಟು ಅದು. ಬಿಳಿ ತೊಗಟೆಯ ಗಮ್ ಮರಗಳು, ಹಳದಿ ಹುಲ್ಲು, ನಾಲ್ಕು ಕುದುರೆಗಳ ಬೆನ್ನು ಕೆಳಗೆ ಅಲೆಯ ಹಾಗೆ ಏಳುತ್ತ ಬೀಳುತ್ತ. ನಾನು ಹಾಡುತ್ತಿದ್ದೆ ಕೂಡ. ಬ್ಲ್ಯಾಕ್‌ವಾಟರ್ ನದಿಗೆ ಇಳಿಯುವ ಮುಂಚೆ ಒಂದು ತಿರುವು ಬರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಇವರು, "ಇತ್ತ ಸರಿದು ಕೂತ್ಕೊ ಲೆಟಿ" ಎಂದರು.

"ಯಾರಾದ್ರೂ ನೋಡ್ತಾರೆ" ಎಂದೆ. ಸರಿದೆ.

"ಇನ್ನೂ ಸ್ವಲ್ಪ" ಎಂದರು. ನನಗೆ ಸ್ವರ್ಗ. ಅಂಟಿಕೊಂಡೇ ಕೂತೆ.

ತಿರುವಿಗೆ ಬಂದೊಡನೆ ಕುದುರೆಗಳು ನಿಂತುಬಿಟ್ಟವು. ಇವರು ಲಗಾಮು ಎಳೆಯಲಿಲ್ಲ, ಬಾಯಿ ಬಿಡಲಿಲ್ಲ. ರಸ್ತೆಯ ಎಡಕ್ಕೆ ಒಂದು ಪೀಚ್ ಮರ, ಅದರ ಹಿಂದೆ ಮನೆಯೇ ಇಲ್ಲದ ಒಂದು ಒಂಟಿ ಹೊಗೆಗೂಡು. ಒಂದು ನರಪಿಳ್ಳೆಯೂ ಇಲ್ಲ. ನಿನಗೆ ಗೊತ್ತಲ್ಲ, ಈ ಗಾಡಿಗಳ ಒಡಲು ದಪ್ಪ ಚರ್ಮದ ಪಟ್ಟಿಗಳ ಮೇಲೆ ತೊಟ್ಟಿಲಂತೆ ತೂಗುತ್ತಿರುತ್ತದೆ. ಯಾರಾದರೂ ಹತ್ತಿದರೆ ಆ ಕಡೆಗೆ ವಾಲುತ್ತದೆ. ಅದು ವಾಲಿತು ಅಮ್ಮ. ಮೆತ್ತಗೆ, ಒಬ್ಬರ ಭಾರದಷ್ಟು. ಆಮೇಲೆ ಕುದುರೆಗಳು ತಾವಾಗಿಯೇ ಹೊರಟವು.

"ಏನಿದು?" ಎಂದೆ.

"ಅವಕ್ಕೆ ಅಭ್ಯಾಸ" ಎಂದರು.

"ಗಾಡಿ ವಾಲಿದ್ದು?"

"ಹಳೇ ಚರ್ಮ."

ರಾತ್ರಿ ಊಟದಲ್ಲಿ ಡೆನ್ನಿಯನ್ನು ಕೆಣಕಿದೆ. ಆ ಮುದುಕ ಗಂಭೀರವಾಗಿ ಹೇಳಿದ: ಕೂಮಾ ಕಡೆಗೆ ಬರುವಾಗ ಮಾತ್ರ ನಿಲ್ಲುತ್ತವೆ, ಹೋಗುವಾಗ ಇಲ್ಲ. ಈ ಚಟ ಬಿಡಿಸಬೇಕೆಂದು ಗಾಡಿ ಕಂಪನಿಯವರು ಒಮ್ಮೆ ನಾಲ್ಕು ಹೊಚ್ಚಹೊಸ ಕುದುರೆಗಳನ್ನು ಕಳಿಸಿದರಂತೆ. "ಆದ್ರೆ ಹೊಸ ಕುದುರೇನ ಹಳೇ ಕುದುರೆ ಜೊತೆಗಲ್ದೆ ಯಾರಾದ್ರೂ ಹೂಡ್ತಾರಾ ತಾಯಿ? ದಾರಿ ಕಲಿಸೋರು ಬೇಡ್ವಾ? ನಾನು ನಮ್ಮ ಹಳೇ ಕುದುರೆ ಡಚೆಸ್‌ನ ಸೇರಿಸ್ದೆ. ತಿಂಗಳಾಗೋದ್ರೊಳಗೆ ಎಲ್ಲಾ ನಿಲ್ಲೋಕೆ ಕಲ್ತ್ಕೊಂಡ್ವು." ಮೊದಲು ನಿಲ್ಲಲು ಕಲಿತ ಕುದುರೆ ಸತ್ತು ಎಷ್ಟೋ ಕಾಲವಾಯಿತಂತೆ. ಯಾರಿಗಾಗಿ ನಿಲ್ಲುತ್ತೇವೆಂದು ಈಗಿನ ಒಂದು ಕುದುರೆಗೂ ಗೊತ್ತಿರಲಾರದು. ಆದರೂ ನಿಲ್ಲುತ್ತವೆ. ಒಂದು ಮನೆತನದ ಹಾಗೆ, ಅಲ್ಲವೇ?

ನಾನು ನಕ್ಕೆ. ಪರದೆ ಹೊಲಿಯುವಾಗ ಯಾಕೋ ನಗು ಬರಲಿಲ್ಲ.

ನಿನ್ನ ಲೆಟಿ


ಗ್ಲೀಬ್, ಸಿಡ್ನಿ
2 ಏಪ್ರಿಲ್ 1884

ಲೆಟಿಶಿಯಾ,

ನಿನ್ನ ಕಾಗದ ತಲುಪಿತು. ಇಲ್ಲಿ ಎಲ್ಲ ಮಾಮೂಲಿ. ಶಾಲೆಯ ಹೊದಿಕೆಗಳನ್ನೆಲ್ಲ ಚಳಿಗಾಲಕ್ಕೆ ಮುಂಚೆ ತೇಪೆ ಹಾಕಬೇಕಾಗಿದೆ.

ಹೊಗೆಗೂಡಿನ ಮೇಲ್ಭಾಗ ಬಿದ್ದಿದೆಯೋ ಇನ್ನೂ ಇದೆಯೋ?

ಆ ಗಾಡಿಯಲ್ಲಿ ಮತ್ತೆ ಕೂರಬೇಡ. ಕಾರಣ ಕೇಳಬೇಡ.

ನಿನ್ನ ತಾಯಿ,
ಡಿ. ಫೆರಿಯರ್


ಫಿಡ್ಲರ್ಸ್ ಫ್ಲ್ಯಾಟ್
18 ಮೇ 1884

ಪ್ರೀತಿಯ ಅಮ್ಮ,

ಹೊಗೆಗೂಡು ಪೂರ್ತಿ ಇದೆ. ನೀನು ಅದನ್ನು ಕೇಳಿದ್ದೇಕೆ ಎಂದು ನಾನು ಕೇಳುವುದಿಲ್ಲ, ಏಕೆಂದರೆ ಕೇಳಬೇಡ ಎಂದಿದ್ದೀಯ. ನಾನೆಷ್ಟು ವಿಧೇಯಳಾಗಿದ್ದೇನೆ ನೋಡು. ಮದುವೆ ಮನುಷ್ಯರನ್ನು ತಿದ್ದುತ್ತದೆ.

ಈಗ ನಿಜವಾದ ಸುದ್ದಿ. ಬರುವ ನವೆಂಬರ್‌ಗೆ ನೀನು ಅಜ್ಜಿಯಾಗುತ್ತೀಯ. ಬರೆಯುತ್ತಿದ್ದಂತೆ ಮಸಿ ಚೆಲ್ಲಿತು, ಆ ಕಲೆಯನ್ನು ಹಾಗೇ ಬಿಟ್ಟಿದ್ದೇನೆ. ಆಂಬ್ರೋಸ್‌ಗೆ ಹೇಳಿದಾಗ ಲಾಯಕ್ಕೆ ಹೋಗಿ ಎಲ್ಲ ಕುದುರೆಗಳಿಗೂ ಹೇಳಿ ಬಂದರು. ಇಲ್ಲಿ ಹತ್ತಿರದಲ್ಲಿ ವೈದ್ಯರಿಲ್ಲ. ಮಿಸೆಸ್ ಕ್ವಿಲ್ಟಿ ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದವಳು. ಆದರೂ ಹಗಲು ಹೊತ್ತಿನಲ್ಲಿ ಒಮ್ಮೊಮ್ಮೆ ಸುಮ್ಮಸುಮ್ಮನೆ ಹೆದರಿಕೆಯಾಗುತ್ತದೆ. ನೀನು ಇರಬೇಕು ಅಮ್ಮ. ಬೇರೆ ಯಾರೂ ಅಲ್ಲ, ನೀನು. ಬರುತ್ತೇನೆಂದು ಬರೆ, ಒಂದೇ ಪದ ಬರೆದರೂ ಸಾಕು.

ಈ ಮುಂದಿನದು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಯಾರಿಗಾದರೂ ಹೇಳದೆ ಇರಲಾರೆ. ಇವರು ಅವತ್ತು "ಸರಿದು ಕೂತ್ಕೊ" ಎಂದದ್ದು ಪ್ರೀತಿಯಿಂದಲ್ಲ. ಆ ತಿರುವು ಬರುವ ಮುಂಚೆ ಈ ರಸ್ತೆಯ ಹಳಬರೆಲ್ಲ ಎಡತುದಿಯ ಸೀಟು ಖಾಲಿ ಮಾಡುತ್ತಾರೆ. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಪೈಪ್ ಹೊತ್ತಿಸುವ ನೆಪ ಮಾಡಿ ಈಚೆ ಜರುಗುತ್ತಾರೆ, ಅಷ್ಟೇ.

ಹೋದ ವಾರ ಮೆಲ್ಬರ್ನ್‌ನಿಂದ ಉಣ್ಣೆ ವ್ಯಾಪಾರಿಯೊಬ್ಬ ಬಂದಿದ್ದ. ಕೆಂಪು ಮೀಸೆ, ದೊಡ್ಡ ಗಂಟಲು. ಸೀಟಿಗೆ ಹೆಚ್ಚಿನ ದುಡ್ಡು ಕೊಟ್ಟಿದ್ದೇನೆ, ಜರುಗುವುದಿಲ್ಲ ಎಂದನಂತೆ. ಹಿಂದೆ ಕೂತ ಕುರಿಗಾಹಿಯೊಬ್ಬ, "ಜರುಗಯ್ಯಾ ಸ್ವಾಮಿ, ಹೆಂಗಸರು ಹತ್ತಬೇಕು" ಎಂದದ್ದಕ್ಕೆ ಎಲ್ಲರೂ ನಕ್ಕರಂತೆ. ಗಾಡಿ ನಮ್ಮ ಅಂಗಳಕ್ಕೆ ಬಂದಾಗ ಅವನು ಅದರಲ್ಲಿರಲಿಲ್ಲ. ನದಿಯ ಸೇತುವೆಯ ಹತ್ತಿರ ಇಳಿದು, ಗಾಡಿಯನ್ನು ಮುಂದೆ ಹೋಗಗೊಟ್ಟು ಹಿಂದಿನಿಂದ ನಡೆದು ಬಂದ. ನಾನೇ ಚಹಾ ಕೊಟ್ಟೆ. ಕುಡಿಯದೆ ಮೇಜಿನ ಮೇಲಿಟ್ಟ.

"ಏನಾಯ್ತು ಸಾರ್?" ಎಂದಳು ಮಿಸೆಸ್ ಕ್ವಿಲ್ಟಿ, ಎಲ್ಲ ಗೊತ್ತಿರುವವಳ ಹಾಗೆ.

"ಮಗು ಕೊಟ್ರು ಕಣಮ್ಮ" ಎಂದ. "ಹತ್ತೋ ಮುಂಚೆ ಮೇಲಿದ್ದೋರ ಕೈಗೆ ಕೂಸು ಕೊಡ್ತಾರಲ್ಲ, ಸ್ವಲ್ಪ ಹಿಡ್ಕೊಳ್ಳಿ ಅಂತ. ಹಾಗೆ ನನ್ನ ಮಡಿಲಿಗೆ. ಕಣ್ಣಿಗೆ ಏನೂ ಇಲ್ಲ. ಆದ್ರೆ ಭಾರ ಇತ್ತು. ಮೈ ಸುಡ್ತಿತ್ತು, ಕಾದ ಇಟ್ಟಿಗೆ ಹಾಗೆ."

"ಏನ್ ಮಾಡಿದ್ರಿ?"

"ಏನ್ ಮಾಡ್ಲಿ, ಹಿಡ್ಕೊಂಡೆ."

ಸೇತುವೆ ಬಂದಾಗ ಮಡಿಲು ಹಗುರವಾಯಿತಂತೆ. ಅವನು ವಾಪಸು ಹೋಗುವಾಗ ಬಾಡಿಗೆ ಕುದುರೆ ಮಾಡಿಕೊಂಡು ಬೇರೆ ದಾರಿ ಹಿಡಿದ.

ಅಮ್ಮ, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬಾ.

ಲೆಟಿ


ಗ್ಲೀಬ್, ಸಿಡ್ನಿ
9 ಜೂನ್ 1884

ಪ್ರೀತಿಯ ಲೆಟಿ,

ದೇವರು ನಿನ್ನನ್ನೂ ಮಗುವನ್ನೂ ಕಾಪಾಡಲಿ. ಫ್ಲ್ಯಾನಲ್ ಅಂಗಿಗಳನ್ನು ಹೊಲಿಯಲು ಶುರುಮಾಡಿದ್ದೇನೆ.

ನಾನು ಬರಲಾರೆ. ಗೌಲ್ಬರ್ನ್‌ನಿಂದ ಮುಂದಕ್ಕೆ ಹಳಿ ಹಾಕುತ್ತಿದ್ದಾರಂತೆ. ರೈಲು ನಿಮ್ಮ ಕಡೆಗೆ ಬಂದ ಮೇಲೆ ಬರುತ್ತೇನೆ. ಅಷ್ಟರಲ್ಲಿ ಹೆರಿಗೆಗೆ ನೀನೇ ಇಲ್ಲಿಗೆ ಬಾ. ಅಲ್ಲಿ ಹೆರಬೇಡ. ಆ ನದಿಯ ಆಚೆ ಹೆರಬೇಡ.

ಆ ವ್ಯಾಪಾರಿ ಮಗುವನ್ನು ಸರಿಯಾಗಿ ಹಿಡಿದಿದ್ದನೇ?

ನಿನ್ನ ತಾಯಿ


ಫಿಡ್ಲರ್ಸ್ ಫ್ಲ್ಯಾಟ್
20 ಜುಲೈ 1884

ಅಮ್ಮ,

ನಿನ್ನ ಕಾಗದದ ಕೊನೆಯ ಸಾಲನ್ನು ಇಷ್ಟು ದಿನ ಓದಿದೆ. ಒಬ್ಬ ಹುಚ್ಚು ವ್ಯಾಪಾರಿಯ ಕಲ್ಪನೆಯ ಕೂಸನ್ನು ಅವನು ಸರಿಯಾಗಿ ಹಿಡಿದನೇ ಎಂದು ನೀನು ಕೇಳಿದೆ. ನೀನು ಜೀವಮಾನದಲ್ಲಿ ಒಂದೂ ಕಟ್ಟುಕಥೆ ಓದಿದವಳಲ್ಲ.

ಗುರುವಾರ ಸೌದೆ ಆರಿಸಲು ಮಿಸೆಸ್ ಕ್ವಿಲ್ಟಿಯ ಜೊತೆ ಸೇತುವೆ ದಾಟಿ ತಿರುವಿನವರೆಗೆ ಹೋದೆ. ಹಿಮ ಇನ್ನೂ ಹುಲ್ಲಿನ ಮೇಲಿತ್ತು, ಬಿಸಿಲು ಬಿದ್ದಿತ್ತು. ಹೊಗೆಗೂಡಿನ ಬುಡದಲ್ಲಿ ಒಲೆಯ ಕಲ್ಲು ಕಪ್ಪಗೆ ಹಾಗೇ ಇದೆ. ಅಷ್ಟರಲ್ಲಿ ಗಾಡಿ ಬರುವ ಸದ್ದಾಯಿತು. ಇವರಿಗೆ ಕೈಬೀಸೋಣವೆಂದು ಪೀಚ್ ಮರದ ಕೆಳಗೆ ಬಂದು ನಿಂತೆ. ಕುದುರೆಗಳು ನನ್ನ ಮುಂದೆಯೇ ನಿಂತವು. ಡಚೆಸ್ ಕಿವಿ ನೆಟ್ಟಗೆ ಮಾಡಿ ನನ್ನನ್ನು ದಾಟಿ ನನ್ನ ಹಿಂದೆ ನೋಡಿತು. ಆಮೇಲೆ ಗಾಡಿ ನನ್ನ ಕಡೆಗೆ ವಾಲಿತು, ಮತ್ತು ಆಂಬ್ರೋಸ್ ಮೊಣಕಾಲು ಪಕ್ಕಕ್ಕೆ ಸರಿಸಿದರು.

ಅಷ್ಟೇ. ಹತ್ತಿ ಕೂರುವವರಿಗೆ ಜಾಗ ಬಿಡಲು ಸಭ್ಯ ಮನುಷ್ಯ ಮೊಣಕಾಲು ಸರಿಸುವ ಹಾಗೆ. ನೋಡದೆಯೇ, ಪ್ರತಿದಿನ ಮಾಡುವವರ ಹಾಗೆ. ನಾನು ಬೀಸಲೆಂದು ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಗಾಡಿ ಹೋದ ಮೇಲೆ ಮಿಸೆಸ್ ಕ್ವಿಲ್ಟಿಯ ಸೌದೆಯ ಹೊರೆ ಇಳಿಸಿ, "ಹೇಳು" ಎಂದೆ.

"ಬಸುರಿ ಹೆಂಗಸು. ನಿಂಗ್ಯಾಕವ್ವ ಅದೆಲ್ಲ" ಎಂದಳು.

"ನೀನು ಹೇಳದಿದ್ರೆ ನಾಳೆ ಆ ಸೀಟಲ್ಲಿ ನಾನೇ ಕೂತ್ಕೊಂಡು ಬರ್ತೀನಿ."

"ಬಂದ್ರೂ ಬರೋಳೇ ನೀನು" ಎಂದು ಕಲ್ಲಿನ ಮೇಲೆ ಕೂತಳು. "ಇಲ್ಲಿ ಗೆಥಿನ್ ಪ್ರಯರ್ ಅಂತ ಇದ್ದ. ವೇಲ್ಸ್‌ನೋನು, ಗಾಡಿ ಹೊಡೀತಿದ್ದ. ಇದು ಅವನ ಮನೆ. ಬರ್ತಾ ಮನೆ ಮುಂದೆ ಗಾಡಿ ನಿಲ್ಲಿಸೋನು, ಹೆಂಡ್ತಿ ಚಹಾ ತಂದು ಮೇಲಕ್ಕೆ ಕೊಡೋಳು. ಕಂಪನಿ ಅವನಿಗೆ ಕೂಮಾದಲ್ಲಿ ಒಳ್ಳೇ ಮನೆ ಕೊಡ್ತು. ಒಂದಿನ ಹೆಂಡ್ತಿ ಮಗು ಪೆಟ್ಟಿಗೆ ಎಲ್ಲಾ ಹತ್ತಿಸ್ಕೊಂಡು ಹೋಗೋದು ಅಂತ ಗೊತ್ತಾಗಿತ್ತು. ಆವತ್ತೇ ಕೂಸಿಗೆ ಜ್ವರ. ಬೆಂಕಿ ಹಾಗೆ ಸುಡ್ತಿತ್ತಂತೆ. ಇವಳು ಇಲ್ಲೇ, ಈ ಮರದಡಿ, ಕೂಸು ಎತ್ತಿ ಅವನ ಕೈಗೆ ಕೊಟ್ಟಿದ್ಲು, ಕಾಲು ಗಾಲಿ ಗುಂಬದ ಮೇಲಿತ್ತು. ಅವನು ಕೂಸಿನ ಮೈ ಮುಟ್ಟಿ ನೋಡಿ ವಾಪಸ್ ಕೊಟ್ಟ. ಬೇಡ ಕಣೇ, ನಾಡಿದ್ದು ಬರ್ತೀನಲ್ಲ ಆವಾಗ ಬಾ ಅಂದ. ಆಗ ಸೇತುವೆ ಇರ್ಲಿಲ್ಲ, ನೀರಲ್ಲೇ ದಾಟ್ಬೇಕು. ಮೇಲೆಲ್ಲೋ ಮಳೆಯಾಗಿ ನೆರೆ ಬಂದಿತ್ತು. ಎಡಗಡೆ ಮುಂದಿನ ಕುದುರೆ ಒಂದೇ ಈಜಿ ದಡ ಸೇರಿದ್ದು."

ಆ ಕುದುರೆ ಇನ್ನೊಂದಕ್ಕೆ ಕಲಿಸಿತು, ಅದು ಮತ್ತೊಂದಕ್ಕೆ. ನನಗೆ ಅರ್ಥವಾಯಿತು. ಪೂರ್ತಿ ಅರ್ಥವಾಗಲಿಲ್ಲ.

"ಹಾಗಾದ್ರೆ ಹೆಂಡತಿ ಆಮೇಲೆ ಸತ್ತಳೇನು?" ಎಂದೆ.

"ಯಾಕೆ ಸಾಯ್ತಾಳೆ? ಕೂಸಿಗೆ ವಾಸಿ ಆಯ್ತು, ಎತ್ಕೊಂಡು ಸಿಡ್ನಿಗೆ ಹೋದ್ಲು. ಇನ್ನೂ ಇರ್ಬೇಕು. ಗಟ್ಟಿ ಹೆಂಗಸು."

"ಮತ್ತೆ ಹತ್ತೋದು ಯಾರು?"

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಅವಳೇ. ಇನ್ಯಾರು? ಸತ್ತೋರೇ ಬರ್ಬೇಕು ಅಂತ ನಿಂಗೆ ಯಾವ ಶಾಲೇಲಿ ಹೇಳ್ಕೊಟ್ರು?"

ಹೆಸರು ಕೇಳಿದೆ. ದಮಾರಿಸ್, ಎಂದಳು.

ನನ್ನ ಅಪ್ಪ ಥಾಮಸ್ ಫೆರಿಯರ್, ಗುಮಾಸ್ತ, ವಿಷಮಜ್ವರದಿಂದ ತೀರಿಕೊಂಡ. ಇದು ನೀನು ನನಗೆ ಹೇಳಿದ್ದು. ಮದುವೆಯ ದಿನ ಪಾದ್ರಿಗೆ ನಾನು ಹೇಳಿದ್ದೂ ಅದನ್ನೇ. ನಿನ್ನ ಹಾಗೆಯೇ ದಮಾರಿಸ್ ಎಂಬ ಹೆಸರಿನ ಇನ್ನೊಬ್ಬ ಹೆಂಗಸು ಸಿಡ್ನಿಯಲ್ಲಿ ಇರಬಹುದು. ಇದ್ದಾಳೆಂದು ಬರೆ. ನಂಬುತ್ತೇನೆ.

ಇಲ್ಲವಾದರೆ ಇದನ್ನು ಹೇಳು. ಆ ವ್ಯಾಪಾರಿಯ ಮಡಿಲಲ್ಲಿ ಸುಡುತ್ತಿದ್ದ ಕೂಸು ನಾನೇ? ನಾನು ಇಲ್ಲಿ ಮೇಜಿನ ಮುಂದೆ ಕೂತು, ಪರದೆ ಹೊಲಿದು, ಗಂಡನಿಗೆ ಕಾಯುತ್ತಿರುವಾಗ, ಅಲ್ಲಿ ಪ್ರತಿದಿನ ಬೆಳಿಗ್ಗೆ ನನ್ನನ್ನೂ ಎತ್ತಿ ಕೊಡುತ್ತಿದ್ದೀಯಾ?

ಲೆಟಿಶಿಯಾ


ಗ್ಲೀಬ್, ಸಿಡ್ನಿ
29 ಆಗಸ್ಟ್ 1884

ನನ್ನ ಆಂಬ್ರೋಸ್,

ಸುಖವಾಗಿ ಬಂದು ಸೇರಿದೆ, ಬೆನ್ನು ನೋವಿಲ್ಲ, ನಿಮ್ಮ ಮಗು ರೈಲಿನ ಸದ್ದಿಗೆ ಒಳಗೆ ಕುಣಿಯುತ್ತಿತ್ತು. ರೈಲಿನ ಬಗ್ಗೆ ನೀವು ಏನೇ ಅನ್ನಿ, ಅದು ತನಗೆ ಬೇಕಾದಲ್ಲಿ ನಿಲ್ಲುವುದಿಲ್ಲ. ಜುಲೈ ಕಾಗದಕ್ಕೆ ಉತ್ತರ ಬರದೆ ಒಂದು ತಿಂಗಳು ನಾನು ಅನ್ನ ಬಿಟ್ಟವಳ ಹಾಗಿದ್ದದ್ದು ನೋಡಿ ನೀವೇ ಹೋಗಿ ಬಾ ಎಂದಿರಲ್ಲ, ಅದಕ್ಕೆ ನಿಮಗೆ ಇಲ್ಲಿಂದಲೇ ಒಂದು ಮುತ್ತು. ಡೆನ್ನಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡಿ.

ಅಮ್ಮ ಶಾಲೆಯ ಬಟ್ಟೆ ಕೋಣೆಯಲ್ಲಿದ್ದರು. ಬೆಳಗಿನ ಹೊತ್ತು. ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಕಾಣಲಿಲ್ಲ. ದುಪ್ಪಟಿ ಮಡಿಸುತ್ತಿದ್ದವರು ಕೈಬಿಟ್ಟು ಕುರ್ಚಿಯಲ್ಲಿ ಕೂತರು. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಮೈ ಮೆಲ್ಲಗೆ ಎಡಕ್ಕೆ ವಾಲಿತು.

ಆಂಬ್ರೋಸ್, ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಪ್ರತಿದಿನ ನೋಡಿದ್ದೇನೆ. ಪ್ರಾರ್ಥನೆ ಮಾಡುತ್ತಾರೆ ಎಂದುಕೊಂಡಿದ್ದೆ. ನನ್ನ ಗೆಳತಿಯರು "ನಿಮ್ಮಮ್ಮ ಹಡಗಿನಲ್ಲಿ ಹೋಗ್ತಿದ್ದಾರೆ" ಎಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನೀವು ತಿರುವಿನಲ್ಲಿ ಮೊಣಕಾಲು ಸರಿಸುತ್ತಿದ್ದಿರಲ್ಲ, ಅದೇ ಗಳಿಗೆ ಅದು. ನಾನು ಹೋಗಿ ಅವರ ಬಲಕ್ಕೆ ಕೂತೆ.

ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆಶ್ಚರ್ಯಪಡಲಿಲ್ಲ. "ದಪ್ಪ ಆಗಿದ್ದೀಯ" ಎಂದರು.

"ನವೆಂಬರ್‌ಗೆ ಅಂತ ಬರ್ದಿದ್ದೆ."

"ಗೊತ್ತು. ಉತ್ತರ ಬರೀಬೇಕು ಅಂತ ದಿನಾ ಕೂತೆ." ದುಪ್ಪಟಿಯ ಒಂದು ತುದಿ ನನಗೆ ಕೊಟ್ಟರು. ಇಬ್ಬರೂ ಮಡಿಸಿದೆವು. ಎದುರುಬದುರು ನಿಂತು ಬಟ್ಟೆ ಮಡಿಸುವಾಗ ಮುಖ ನೋಡಬೇಕಾಗಿಲ್ಲ, ಆದ್ದರಿಂದಲೇ ಅವರಿಗೆ ಮಾತು ಬಂತು ಅನಿಸುತ್ತದೆ.

"ನಾನು ಆವತ್ತು ಉಳ್ಕೊಂಡೆ ಅಂತ ಎಲ್ರೂ ಹೇಳಿದ್ರು" ಎಂದರು. "ಪುಣ್ಯ ಮಾಡಿದ್ದೀಯ ಅಂದ್ರು. ನಂಗೆ ಹಾಗನ್ನಿಸ್ಲೇ ಇಲ್ಲ ಲೆಟಿ. ನಾನು ಹತ್ತಿದ್ದೆ ಅಂತಲೇ ಅನ್ಸೋದು. ಕಾಲು ಗಾಲಿ ಮೇಲಿಟ್ಟಿದ್ದು ಗೊತ್ತು, ನಿನ್ನ ಅವರ ಕೈಗೆ ಕೊಟ್ಟಿದ್ದು ಗೊತ್ತು. ಇಳಿದದ್ದು ನೆನಪೇ ಇಲ್ಲ. ಇಲ್ಲಿ ಬಂದು ಹೊಲಿಗೆ ಹಾಕ್ಕೊಂಡು ಇರೋದು ಇನ್ಯಾರೋ."

"ನನ್ನ ಬೆಳೆಸಿದ್ದು ಯಾರು ಹಾಗಾದ್ರೆ?"

"ಅವಳೇ, ಆ ಇನ್ಯಾರೋ." ಸ್ವಲ್ಪ ನಕ್ಕರು. "ಅಷ್ಟೇನೂ ಕೆಟ್ಟದಾಗಿ ಬೆಳೆಸಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ಹತ್ತಿಬಿಡ್ತೀಯ ಅಂತ. ಹೇಳದೇ ಇದ್ರೂ ಹೋಗಿ ಅದೇ ಗಾಡಿಯೋನ್ನ ಕಟ್ಕೊಂಡೆ."

ನಾನು ಅತ್ತೆ. ಅವರು ಅಳಲಿಲ್ಲ, ದಿಂಬಿನ ಚೀಲ ಕೊಟ್ಟು ಮೂಗು ಒರೆಸಿಕೋ ಎಂದರು. ಶಾಲೆಯದು, ಒಗೆಯಲು ಹೊರಟದ್ದು. ಆಮೇಲೆ ಕೇಳಿದರು, ಸಣ್ಣ ದನಿಯಲ್ಲಿ, ಬೇರೆ ಯಾವುದೋ ಊರಿನ ಸುದ್ದಿ ಕೇಳುವ ಹಾಗೆ: "ಸೇತುವೆ ಆಚೆ ಹೇಗಿದೆ?"

ಆಂಬ್ರೋಸ್, ಅವರು ಈ ಇಪ್ಪತ್ತೊಂದು ವರ್ಷ ಪ್ರತಿದಿನ ನಮ್ಮ ಗಾಡಿ ಹತ್ತಿದ್ದಾರೆ, ಒಂದು ದಿನವೂ ಆ ದಡ ನೋಡಿಲ್ಲ. ಆಚೆ ಏನಿದೆ ಎಂದು ನಾನು ಹೇಳುತ್ತ ಹೋದೆ. ಇಳಿಜಾರು, ವಿಲೋ ಮರಗಳು, ಲಾಯ, ಮಿಸೆಸ್ ಕ್ವಿಲ್ಟಿಯ ಬಾತುಕೋಳಿಗಳು, ನಮ್ಮ ಎರಡು ಕೋಣೆ, ಅವರದೇ ಮೇಜುವಸ್ತ್ರ. ನಾನು ಬಾಯಿಬಡುಕಿ, ನಿಮಗೆ ಗೊತ್ತಲ್ಲ, ಊಟದ ಗಂಟೆ ಹೊಡೆಯುವವರೆಗೂ ಹೇಳಿದೆ. ಅವರು ಒಂದು ಬಟ್ಟೆಯನ್ನೂ ಮಡಿಸದೆ ಕೇಳಿದರು.

ನಿನ್ನೆ ರಾತ್ರಿ ಅವರು ಪೆಟ್ಟಿಗೆ ಕೆಳಗಿಳಿಸಿದ ಸದ್ದು ಕೇಳಿಸಿತು. ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಗೆ, "ಮಗಳ ಹೆರಿಗೆಗೆ ಹೋಗ್ತಿದ್ದೀನಿ, ಆಮೇಲೆ ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ" ಎಂದರು. ನಾನು ಎಚ್ಚರಿಸಿದೆ, ತಿರುವು ದಾಟಿಯೇ ಬರಬೇಕು, ಬೇರೆ ದಾರಿ ಇಲ್ಲ ಎಂದೆ. ಬೇಕಾದರೆ ಒಳಗೆ ಕೂತು ಪರದೆ ಎಳೆದುಕೊಳ್ಳಬಹುದು ಎಂದೆ. ಹಳಬರು ಎಡತುದಿಯ ಸೀಟಿನಲ್ಲಿ ಕೂರುವುದಿಲ್ಲ ಎಂಬುದನ್ನೂ ಹೇಳಿದೆ.

"ನನ್ನ ಸೀಟಲ್ಲಿ ಇನ್ಯಾರು ಕೂರೋಕಾಗುತ್ತೆ?" ಎಂದರು.

ಆದ್ದರಿಂದ ಬರುವ ಶುಕ್ರವಾರದ ಗಾಡಿಯಲ್ಲಿ ಆ ಸೀಟನ್ನು ಗೌಲ್ಬರ್ನ್‌ನಿಂದಲೇ ಅಮ್ಮನಿಗೆ ಕೊಡಿ. ಮಧ್ಯದಲ್ಲಿ ನಾನಿರುತ್ತೇನೆ. ತಿರುವಿನಲ್ಲಿ ಕುದುರೆಗಳು ನಿಂತರೆ ನಿಲ್ಲಲಿ, ಎಷ್ಟು ಹೊತ್ತಾದರೂ ನಿಲ್ಲಲಿ, ಟಪಾಲು ತಡವಾದರೆ ಆಗಲಿ. ನಿಲ್ಲದೇ ಹೋದರೆ ನೀವೂ ನಿಲ್ಲಿಸಬೇಡಿ, ಸೀದಾ ಸೇತುವೆ ದಾಟಿಸಿ. ಯಾವುದಾಗುತ್ತದೋ ನನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ, ಅವರು ಕೈಗವಸು ಹುಡುಕುತ್ತಿದ್ದಾರೆ.

ಸೆಪ್ಟೆಂಬರ್ 4, ಗುರುವಾರ, ಇಲ್ಲಿನ ರೆಡ್‌ಫರ್ನ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಗೌಲ್ಬರ್ನ್ ರೈಲಿನಲ್ಲಿ ಅವರು ಬರುತ್ತಾರೆ, ಜೊತೆಗೆ ನಾನು.

ನಿಮ್ಮ ಲೆಟಿ